ಮರೆಮಾಡಿದ ಹಾಳೆ, ಬಯಲಾದ ಹೆಸರುಗಳು

2023ರ ಆಗಸ್ಟ್ 8ರ ಮಧ್ಯಾಹ್ನ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿತು. ಅರ್ಜಿದಾರರು ಕೇಳಿದ್ದು ಬರೀ ಲೆಕ್ಕ: ಯಾವ ದರ್ಜೆಯಲ್ಲಿ ಎಷ್ಟು ಜನ ಇದ್ದಾರೆ? ಉತ್ತರವಾಗಿ ಹೋದ ಎಕ್ಸೆಲ್ ಕಡತದಲ್ಲಿ ಆ ಲೆಕ್ಕ ಇತ್ತು. ಕಣ್ಣಿಗೆ ಬೀಳದಂತೆ ಇನ್ನೊಂದು ಹಾಳೆಯೂ ಇತ್ತು. ಆ ಹಾಳೆಯಲ್ಲಿ ಇಲಾಖೆಯ 9,483 ಅಧಿಕಾರಿಗಳು ಮತ್ತು ಸಿಬ್ಬಂದಿಯ ಕುಲನಾಮ, ಹೆಸರಿನ ಮೊದಲಕ್ಷರ, ದರ್ಜೆ, ವಿಭಾಗ, ಕೆಲಸ ಮಾಡುವ ಸ್ಥಳ ಎಲ್ಲವೂ ಸಾಲುಸಾಲಾಗಿ ಕೂತಿದ್ದವು. ಯಾರು ಬೇಕಾದರೂ ನೋಡಬಹುದಾದ ತಾಣದಲ್ಲಿ ಅದು ಎರಡು ಗಂಟೆಗೂ ಹೆಚ್ಚು ಹೊತ್ತು ತೆರೆದುಕೊಂಡಿತ್ತು.

ಆ ನಾಡಿನಲ್ಲಿ ಪೊಲೀಸ್ ಕೆಲಸದಲ್ಲಿರುವವರು ತಮ್ಮ ವೃತ್ತಿಯನ್ನು ನೆರೆಮನೆಯವರಿಗೆ ಹೇಳುವುದೂ ಅಪರೂಪ. ಎಷ್ಟೋ ಮಂದಿ ಬಂಧುಗಳಿಂದಲೂ ಮುಚ್ಚಿಡುತ್ತಾರೆ. ಅದೇ ವರ್ಷದ ಫೆಬ್ರುವರಿಯಲ್ಲಿ ಓಮಾ ಪಟ್ಟಣದಲ್ಲಿ ಹಿರಿಯ ಪತ್ತೇದಾರಿ ಅಧಿಕಾರಿಯೊಬ್ಬರು ಕರ್ತವ್ಯದಲ್ಲಿಲ್ಲದ ಹೊತ್ತಿನಲ್ಲಿ ಗುಂಡೇಟು ತಿಂದಿದ್ದರು. ಸೋರಿದ ಪಟ್ಟಿ ಸಶಸ್ತ್ರ ಹೋರಾಟ ಬಿಡದ ರಿಪಬ್ಲಿಕನ್ ಗುಂಪುಗಳ ಕೈ ಸೇರಿದೆ ಎಂದು ಅಂದಿನ ಪೊಲೀಸ್ ಮುಖ್ಯಸ್ಥ ಸೈಮನ್ ಬರ್ನ್ ಅವರೇ ಹೇಳಬೇಕಾಯಿತು. ಈ ಸೋರಿಕೆಯೂ ಸೇರಿ ಹಲವು ವಿವಾದಗಳ ನಡುವೆ ಮರುತಿಂಗಳು ಅವರು ರಾಜೀನಾಮೆ ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಹಾಕಿತು. ಸರ್ಕಾರಿ ಸಂಸ್ಥೆ ಎಂಬ ರಿಯಾಯಿತಿ ಇಲ್ಲದಿದ್ದರೆ ಆ ದಂಡ 56 ಲಕ್ಷ ಪೌಂಡ್ ಆಗುತ್ತಿತ್ತು.

ಇದರಲ್ಲಿ ಯಾವ ಹ್ಯಾಕರನ ಕೈವಾಡವೂ ಇರಲಿಲ್ಲ. ನೌಕರರ ದತ್ತಾಂಶ ವ್ಯವಸ್ಥೆಯಿಂದ ಇಡೀ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡಿದ್ದರು. ಅದರ ಮೇಲೆ ಲೆಕ್ಕ ಮಾಡಿ, ಲೆಕ್ಕದ ಹಾಳೆ ಉಳಿಸಿ, ಬೇಡದ ಹಾಳೆಗಳನ್ನು ಅಳಿಸಿದ್ದರು. ಮೂಲ ಪಟ್ಟಿಯ ಹಾಳೆ ಮಾತ್ರ ಕಣ್ಣಿಗೆ ಬೀಳದೆ ಉಳಿಯಿತು. ಮುಂದೆ ಆ ಕಡತ ಹಲವರ ಕೈ ದಾಟಿ ಹೋದರೂ ಯಾರಿಗೂ ಅದು ಕಾಣಲಿಲ್ಲ. ಘಟನೆಯನ್ನು ಪರಿಶೀಲಿಸಿದ ಸ್ವತಂತ್ರ ತಂಡ, ಇದು ಒಬ್ಬ ವ್ಯಕ್ತಿಯ ಅಥವಾ ಒಂದು ವಿಭಾಗದ ಒಂದೇ ತಪ್ಪಿನಿಂದ ಆದದ್ದಲ್ಲ ಎಂದು ಬರೆಯಿತು. ಆ ಮಾತು ಸರಿ. ಆದರೆ ತಪ್ಪು ಎಲ್ಲಿ ಶುರುವಾಯಿತು ಎಂದು ಹಿಂದಕ್ಕೆ ನಡೆದರೆ ಸಿಗುವುದು ಮೊದಲ ಹೆಜ್ಜೆ: ಎಣಿಕೆ ಮಾತ್ರ ಬೇಕಿದ್ದಾಗ ಎಲ್ಲರ ಹೆಸರೂ ಇರುವ ಪಟ್ಟಿಯನ್ನು ಹೊರತೆಗೆದದ್ದು.

ಇದಕ್ಕಿಂತ ದೊಡ್ಡ ಅನಾಹುತ ಅಷ್ಟರಲ್ಲೇ ಬ್ರಿಟನ್ನಿನ ರಕ್ಷಣಾ ಸಚಿವಾಲಯದಲ್ಲಿ ನಡೆದುಹೋಗಿತ್ತು. ಜಗತ್ತಿಗೆ ಗೊತ್ತಾಗಿರಲಿಲ್ಲ, ಅಷ್ಟೆ. 2022ರ ಫೆಬ್ರುವರಿಯಲ್ಲಿ ಅಲ್ಲಿನ ಒಬ್ಬರು, ತಾಲಿಬಾನ್ ಆಡಳಿತದಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬರಲು ಅರ್ಜಿ ಹಾಕಿದ್ದ ಅಫ್ಗನ್ನರ ವಿವರವಿದ್ದ ಕಡತವನ್ನು ಸರ್ಕಾರದ ಹೊರಗಿನವರಿಗೆ ಇಮೇಲ್ ಮಾಡಿದರು. ಕಳಿಸಿದವರ ಪ್ರಕಾರ ಅದರಲ್ಲಿದ್ದದ್ದು ಸುಮಾರು 150 ಸಾಲು. ನಿಜವಾಗಿ ಇದ್ದದ್ದು ಸುಮಾರು 33,000 ಸಾಲು. 18,714 ಅರ್ಜಿದಾರರ ವಿವರ. 2023ರ ಆಗಸ್ಟ್‌ನಲ್ಲಿ ಅದರ ತುಣುಕು ಫೇಸ್‌ಬುಕ್‌ನಲ್ಲಿ ಕಾಣಿಸಿಕೊಂಡ ಮೇಲೆಯೇ ಸಚಿವಾಲಯಕ್ಕೆ ವಿಷಯ ತಿಳಿದದ್ದು. ಸುದ್ದಿ ಹೊರಬಾರದಂತೆ ನ್ಯಾಯಾಲಯದಿಂದ ತಂದ ತಡೆಯಾಜ್ಞೆ 2025ರ ಜುಲೈ 15ರವರೆಗೂ ಇತ್ತು. ಅಷ್ಟರೊಳಗೆ ಆ ಪಟ್ಟಿಯಲ್ಲಿದ್ದು ಅಪಾಯಕ್ಕೆ ಸಿಕ್ಕಿದವರನ್ನು ಕರೆತರಲು ಸರ್ಕಾರ ಗುಟ್ಟಾಗಿ ಪ್ರತ್ಯೇಕ ಯೋಜನೆಯನ್ನೇ ನಡೆಸಬೇಕಾಯಿತು.

ಎರಡೂ ಕಡೆ ಒಂದೇ ಭ್ರಮೆ ಕೆಲಸ ಮಾಡಿದೆ. ಪರದೆಯ ಮೇಲೆ ಕಾಣುವುದಷ್ಟೇ ಕಡತದಲ್ಲಿದೆ ಎಂಬ ಭ್ರಮೆ. ಎಕ್ಸೆಲ್‌ನಲ್ಲಿ ಫಿಲ್ಟರ್ ಒತ್ತಿದರೆ ಸಾಲುಗಳು ಮರೆಯಾಗುತ್ತವೆಯೇ ಹೊರತು ಹೋಗುವುದಿಲ್ಲ. ಹಾಳೆಗೆ ‘ಹೈಡ್’ ಕೊಟ್ಟರೆ ಅದು ಅಲ್ಲೇ ಕೂತಿರುತ್ತದೆ. ಬಲಗುಂಡಿ ಒತ್ತಿ ‘ಅನ್‌ಹೈಡ್’ ಎಂದರೆ ಎದ್ದು ಬರುತ್ತದೆ. ಹಾಗಾಗಿ ಪಟ್ಟಿಯನ್ನು ಸೋಸಬೇಕಾದ ಜಾಗ ಹಾಳೆಯಲ್ಲ. ದತ್ತಾಂಶವನ್ನು ಕೇಳುವ ಪ್ರಶ್ನೆಯಲ್ಲೇ ಆ ಕೆಲಸ ಆಗಬೇಕು. ರೈತ ಕಣದಲ್ಲೇ ತೂರಿ ಕಾಳನ್ನಷ್ಟೇ ಮನೆಗೆ ಒಯ್ಯುತ್ತಾನೆ. ಹೊಟ್ಟನ್ನೂ ಗಾಡಿಗೆ ಹೇರಿಕೊಂಡು ಹೋಗಿ ಅಟ್ಟದ ಮೇಲೆ ಬೇರೆ ಮಾಡುವುದಿಲ್ಲ. ಕಚೇರಿಗಳು ಮಾತ್ರ ದಿನವೂ ಇದನ್ನೇ ಮಾಡುತ್ತಿವೆ.

ಯಾವ ಕಚೇರಿಗಳು ಎಂದರೆ, ಕಂಪ್ಯೂಟರಿಗೆ ಲಾಗಿನ್ ಆಗಿ ಕೆಲಸ ಶುರುಮಾಡುವ ಬಹುತೇಕ ಎಲ್ಲ ದೊಡ್ಡ ಕಚೇರಿಗಳೂ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಸಾಫ್ಟ್‌ವೇರ್ ಕಂಪನಿ, ಸರ್ಕಾರಿ ನಿಗಮ ಎಲ್ಲೇ ಹೋದರೂ ನೌಕರರ ಲಾಗಿನ್ ಖಾತೆಗಳ ಹಿಂದೆ ‘ಡೈರೆಕ್ಟರಿ’ ಎಂಬ ದತ್ತಾಂಶಕೋಶ ಇರುತ್ತದೆ. ಅದರಲ್ಲಿ ಬರೀ ಹೆಸರು, ಪಾಸ್‌ವರ್ಡ್ ಇರುವುದಿಲ್ಲ. ಮೊಬೈಲ್ ಸಂಖ್ಯೆ, ಹುದ್ದೆ, ಮೇಲಧಿಕಾರಿ ಯಾರು, ಯಾವ ಗುಂಪುಗಳಲ್ಲಿ ಸದಸ್ಯರು, ಕೊನೆಯ ಬಾರಿ ಲಾಗಿನ್ ಆದದ್ದು ಯಾವಾಗ, ಕೆಲವು ಕಡೆ ಮನೆಯ ವಿಳಾಸವೂ ಇರುತ್ತದೆ. ಬಹಳ ಕಡೆ ಬಳಕೆಯಲ್ಲಿರುವುದು ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ. ವಿಂಡೋಸ್ 2000 ಜೊತೆಗೆ ಬಂದ ಅದಕ್ಕೆ ಈಗ ಕಾಲು ಶತಮಾನ ದಾಟಿದೆ.

ಈ ಕೋಶಕ್ಕೆ ಪ್ರಶ್ನೆ ಕೇಳುವ ಭಾಷೆ ಇನ್ನೂ ಹಳೆಯದು. 1988ರಲ್ಲಿ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿತ್ತು. ಅದು ಅಂದಿನ ಚಿಕ್ಕ ಕಂಪ್ಯೂಟರುಗಳಿಗೆ ತೀರಾ ಭಾರ. ಅದನ್ನು ಹಗುರ ಮಾಡಿ 1993ರಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ‘ಎಲ್‌ಡ್ಯಾಪ್’ ಎಂಬ ನಿಯಮಾವಳಿ ರೂಪಿಸಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಅದರ ತವರು. ಫಿಲ್ಟರನ್ನು ಹೇಗೆ ಬರೆಯಬೇಕು ಎಂಬ ಪದ್ಧತಿಯೂ ಅದೇ ವರ್ಷ ಪ್ರಕಟವಾಯಿತು. ಅದರ ಮೂಲ ಅಂಗಗಳು ಮೂರೇ: ‘ಇವೆಲ್ಲವೂ ಇರಬೇಕು’, ‘ಇವುಗಳಲ್ಲಿ ಒಂದಾದರೂ ಇರಬೇಕು’, ‘ಇದು ಇರಬಾರದು’. ಆವರಣಚಿಹ್ನೆಗಳೊಳಗೆ ಈ ಮೂರನ್ನು ಹೆಣೆದು ಲಕ್ಷ ಖಾತೆಗಳ ನಡುವಿನಿಂದ ಬೇಕಾದ ನಲವತ್ತನ್ನು ಹೆಕ್ಕಬಹುದು. ಮೂವತ್ತು ವರ್ಷ ದಾಟಿದರೂ ಆ ಪದ್ಧತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಗಟ್ಟಿ ಕೆಲಸ ಎಂದರೆ ಇದು.

ಇಷ್ಟು ಒಳ್ಳೆಯ ಸಾಧನ ಕೈಯಲ್ಲಿದ್ದೂ ಐಟಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಎಲ್ಲಾ ಎಕ್ಸ್‌ಪೋರ್ಟ್ ಮಾಡಿ ಕಳಿಸಿ, ನಾವು ಎಕ್ಸೆಲ್‌ನಲ್ಲಿ ನೋಡ್ಕೋತೀವಿ’. ಕೇಳುವವರು ಆಡಿಟರ್ ಇರಬಹುದು, ಎಚ್‌ಆರ್ ಇರಬಹುದು, ಲೈಸೆನ್ಸ್ ಲೆಕ್ಕ ಹಾಕುವ ಮಾರಾಟಗಾರನ ಪ್ರತಿನಿಧಿಯೂ ಇರಬಹುದು. ಸಾಲಿನ ಜಾಗದಲ್ಲಿ ‘ಎಲ್ಲವೂ’ ಎಂಬರ್ಥದ ನಕ್ಷತ್ರಚಿಹ್ನೆ, ಕಾಲಂ ಜಾಗದಲ್ಲೂ ನಕ್ಷತ್ರಚಿಹ್ನೆ ಹಾಕಿದರೆ ಕೆಲಸ ಮುಗಿಯಿತು. ಇದಕ್ಕೆ ಸಮರ್ಥನೆಯೂ ಇದೆ: ನಾಳೆ ಇನ್ನೊಂದು ಕಾಲಂ ಬೇಕೆಂದರೆ ಮತ್ತೆ ಎಲ್ಲಿ ತೆಗೆಯುವುದು? ಒಂದೇ ಸಲ ತೆಗೆದಿಟ್ಟರೆ ಆಯಿತಲ್ಲ? ಅಡ್ಮಿನ್‌ಗಳ ಮೇಲಿನ ಕೆಲಸದ ಒತ್ತಡ ಕಂಡವರಿಗೆ ಈ ವಾದ ಅರ್ಥವಾಗುತ್ತದೆ. ಆದರೆ ಬರೆದಿಟ್ಟ ಪ್ರಶ್ನೆಗೆ ಒಂದು ಕಾಲಂ ಸೇರಿಸಿ ಮತ್ತೆ ಓಡಿಸಲು ಹೆಚ್ಚು ಹೊತ್ತು ಬೇಡ. ‘ಇರಲಿ’ ಎಂದು ತೆಗೆದಿಟ್ಟ ಕಡತವಾದರೋ ವರ್ಷಗಟ್ಟಲೆ ಯಾರದೋ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಇನ್ಯಾರದೋ ಇಮೇಲ್ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತದೆ.

ಎಲ್ಲ ಕಾಲಂಗಳನ್ನೂ ಎಳೆದರೆ ಏನೇನು ಬರುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಡೈರೆಕ್ಟರಿಯ ಪ್ರತಿ ಖಾತೆಗೂ ‘ಡಿಸ್ಕ್ರಿಪ್ಶನ್’ ಎಂಬ ಖಾಲಿ ಜಾಗ ಇರುತ್ತದೆ. ಅದರಲ್ಲಿ ಪಾಸ್‌ವರ್ಡನ್ನೇ ಬರೆದಿಡುವ ಕೆಟ್ಟ ಅಭ್ಯಾಸ ಜಗತ್ತಿನಾದ್ಯಂತ ಇದೆ. ಭದ್ರತಾ ಪರೀಕ್ಷಕರು ಮೊದಲು ಇಣುಕುವ ಜಾಗಗಳಲ್ಲಿ ಅದೂ ಒಂದು. ಸಭೆಯ ಕೊಠಡಿಯ ಟಿವಿ ಖಾತೆ, ಪ್ರಿಂಟರ್ ಖಾತೆ, ಬ್ಯಾಕಪ್ ಖಾತೆ, ಯಾವುದರ ಪಾಸ್‌ವರ್ಡ್ ಬೇಕಾದರೂ ಅಲ್ಲಿ ಸಿಗಬಹುದು. ದೂರವಾಣಿ ಪಟ್ಟಿ ಬೇಕು ಎಂದವರಿಗೆ ಅದೂ ಜೊತೆಗೆ ಹೋಗುತ್ತದೆ.

ಮೂಲದಲ್ಲೇ ಸೋಸಿ ಎಂದು ಹೇಳುವುದು ಸುಲಭ. ಸೋಸುವುದರಲ್ಲೂ ಹಳ್ಳಗಳಿವೆ, ಅವನ್ನು ತಿಳಿಯದೆ ಇಳಿದರೆ ಇನ್ನೊಂದು ಬಗೆಯ ಕೇಡು ಕಾದಿರುತ್ತದೆ.

ಆ್ಯಕ್ಟಿವ್ ಡೈರೆಕ್ಟರಿಗೆ ‘ಬಳಕೆದಾರರನ್ನೆಲ್ಲ ಕೊಡು’ ಎಂದು ಕೇಳಿದರೆ ಮನುಷ್ಯರ ಜೊತೆಗೆ ಕಂಪ್ಯೂಟರುಗಳೂ ಬರುತ್ತವೆ. ಆ ಕೋಶದ ವಂಶಾವಳಿಯಲ್ಲಿ ‘ಕಂಪ್ಯೂಟರ್’ ಎಂಬ ವರ್ಗ ‘ಬಳಕೆದಾರ’ ವರ್ಗದ ಮಗು. ಆದ್ದರಿಂದ ವ್ಯಕ್ತಿ ಎಂಬ ಷರತ್ತನ್ನೂ ಸೇರಿಸಿ ಕೇಳಬೇಕು. ಸೇರಿಸಿದರೂ ಬರುವವರೆಲ್ಲ ಉಸಿರಾಡುವವರಲ್ಲ. ತಂತ್ರಾಂಶಗಳು ಬಳಸುವ ಸರ್ವೀಸ್ ಖಾತೆಗಳು, ಸಭಾ ಕೊಠಡಿಯ ಅಂಚೆಪೆಟ್ಟಿಗೆಗಳು, ತರಬೇತಿಗೆಂದು ಮಾಡಿ ಮರೆತ ‘ಟೆಸ್ಟ್’ ಖಾತೆಗಳು ಎಲ್ಲವೂ ವ್ಯಕ್ತಿಗಳ ವೇಷದಲ್ಲೇ ಇರುತ್ತವೆ. ಎಚ್‌ಆರ್ ಹೇಳುವ ನೌಕರರ ಸಂಖ್ಯೆಗೂ ಐಟಿ ಹೇಳುವ ಖಾತೆಗಳ ಸಂಖ್ಯೆಗೂ ಹೊಂದಿಕೆಯಾಗದ ಜಗಳ ಎಷ್ಟೋ ಕಡೆ ಇಲ್ಲಿಂದಲೇ ಶುರು.

‘ಚಾಲ್ತಿಯಲ್ಲಿರುವ ಖಾತೆಗಳು ಮಾತ್ರ’ ಎಂಬ ಬೇಡಿಕೆಯಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ಖಾತೆಯ ಸ್ಥಿತಿಯನ್ನು ಡೈರೆಕ್ಟರಿ ಒಂದೇ ಸಂಖ್ಯೆಯಲ್ಲಿ ಕೂಡಿಸಿ ಇಡುತ್ತದೆ. ಸಾಮಾನ್ಯ ಖಾತೆಗೆ 512. ಅದನ್ನು ಮುಚ್ಚಿದರೆ 2 ಸೇರಿ 514. ಇದನ್ನು ಅರ್ಧ ಕಲಿತವರು ‘512 ಇರುವವರನ್ನು ಕೊಡು’ ಎಂದು ಬರೆಯುತ್ತಾರೆ. ಆದರೆ ‘ಈ ಖಾತೆಯ ಪಾಸ್‌ವರ್ಡ್‌ಗೆ ಅವಧಿ ಇಲ್ಲ’ ಎಂಬ ಗುರುತು ಹಾಕಿದರೆ 65536 ಸೇರಿ ಆ ಸಂಖ್ಯೆ 66048 ಆಗುತ್ತದೆ. ಆ ಖಾತೆ ಚಾಲ್ತಿಯಲ್ಲೇ ಇದ್ದರೂ ಪಟ್ಟಿಯಿಂದ ಜಾರಿಹೋಗುತ್ತದೆ. ಪಾಸ್‌ವರ್ಡ್ ಎಂದೂ ಬದಲಾಗದ ಖಾತೆಗಳೇ ಆಡಿಟರ್ ಎಲ್ಲಕ್ಕಿಂತ ಮೊದಲು ನೋಡಬೇಕಾದವು. ಅವೇ ಪಟ್ಟಿಯಲ್ಲಿ ಇರುವುದಿಲ್ಲ. ಸರಿಯಾದ ಫಿಲ್ಟರ್, ಆ ಸಂಖ್ಯೆಯೊಳಗೆ 2 ಎಂಬ ಗುರುತು ಇದೆಯೇ ಎಂದಷ್ಟೇ ನೋಡಬೇಕು. ಅದನ್ನು ಬರೆಯಲು 1.2.840.113556.1.4.803 ಎಂಬ ಉದ್ದನೆಯ ಅಂಕಿಸರವನ್ನು ಪ್ರಶ್ನೆಯೊಳಗೆ ಸೇರಿಸಬೇಕು. ಯಾರೂ ಬಾಯಿಪಾಠ ಮಾಡಲಾಗದ ಈ ಸರವನ್ನು ಒಂದು ಕಡೆ ಸರಿಯಾಗಿ ಬರೆದಿಟ್ಟು ಎಲ್ಲರೂ ಅದನ್ನೇ ಬಳಸುವುದು ಜಾಣತನ.

ನಿರಾಕರಣೆಯ ಫಿಲ್ಟರುಗಳಂತೂ ಮೋಸದ ಗೂಡು. ‘ಹಣಕಾಸು ವಿಭಾಗದವರನ್ನು ಬಿಟ್ಟು ಉಳಿದವರು’ ಎಂದು ಕೇಳಿದರೆ, ವಿಭಾಗದ ಜಾಗವನ್ನೇ ತುಂಬದೆ ಬಿಟ್ಟ ಖಾತೆಗಳೂ ಬಂದು ಸೇರುತ್ತವೆ. ಅವರಲ್ಲಿ ಹಣಕಾಸು ವಿಭಾಗದವರೇ ಎಷ್ಟು ಮಂದಿಯೋ. ‘ಇದು ಇರಬಾರದು’ ಎಂದು ಬರೆದ ಕಡೆಯೆಲ್ಲ ‘ಆ ಜಾಗ ಖಾಲಿಯೂ ಇರಬಾರದು’ ಎಂಬ ಇನ್ನೊಂದು ಷರತ್ತು ಬೇಕೇ ಎಂದು ಯೋಚಿಸಬೇಕು.

ಸದ್ದಿಲ್ಲದೆ ಕತ್ತರಿಸಿಹೋಗುವ ಪಟ್ಟಿ ಇನ್ನೊಂದು ಪಿಡುಗು. ಆ್ಯಕ್ಟಿವ್ ಡೈರೆಕ್ಟರಿ ಒಂದು ಪ್ರಶ್ನೆಗೆ ಒಮ್ಮೆಗೆ 1,000 ಉತ್ತರ ಮಾತ್ರ ಕೊಡುವಂತೆ ಮೊದಲಿಂದ ಹೊಂದಿಸಲಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ಪುಟಪುಟವಾಗಿ ಕೇಳಬೇಕು. ಆ ವಿಧಾನ 1999ರಿಂದಲೂ ಇದೆ. ಕೆಲವು ಉಪಕರಣಗಳು ಪುಟಗಳನ್ನು ತಾವೇ ತಿರುವಿಹಾಕುತ್ತವೆ. ಕೆಲವಕ್ಕೆ ಹೇಳದಿದ್ದರೆ ಸಾವಿರಕ್ಕೆ ನಿಂತುಬಿಡುತ್ತವೆ, ತಪ್ಪಾಗಿದೆ ಎಂದು ತಿಳಿಸುವುದೂ ಇಲ್ಲ. ಸರಿಯಾಗಿ 1,000 ಹೆಸರಿರುವ ಪಟ್ಟಿ ಕೈಗೆ ಬಂದರೆ ಅದನ್ನು ನಂಬಬಾರದು ಎಂಬುದು ಈ ಕೆಲಸದಲ್ಲಿ ಪಳಗಿದವರಿಗೆ ಗೊತ್ತು.

ಇಂಥ ಮೌನದ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಮತ್ತೆ ಬ್ರಿಟನ್ನಿನದೇ ಸಾಕ್ಷಿ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳ ವರದಿಗಳನ್ನು 65,536 ಸಾಲಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ನಮೂನೆಗೆ ಸುರಿಯಲಾಗುತ್ತಿತ್ತು. ತುಂಬಿದ ಮೇಲೆ ಬಂದವು ಹೊರಗೇ ಉಳಿದವು. ಸೋಂಕಿತರಿಗೆ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು.

ಬಳಕೆಯಲ್ಲಿಲ್ಲದ ಖಾತೆಗಳನ್ನು ಪತ್ತೆಹಚ್ಚುವ ಪಟ್ಟಿಗೂ ಇದೇ ಎಚ್ಚರ ಬೇಕು. ಕೊನೆಯ ಲಾಗಿನ್ ಯಾವಾಗ ಎಂಬುದನ್ನು ಆ್ಯಕ್ಟಿವ್ ಡೈರೆಕ್ಟರಿ ಎರಡು ಕಡೆ ಬರೆದಿಡುತ್ತದೆ. ಒಂದು ನಿಖರ, ಆದರೆ ಆಯಾ ಸರ್ವರಿನಲ್ಲಷ್ಟೇ ಇರುತ್ತದೆ. ಒಂದೇ ಸರ್ವರನ್ನು ಕೇಳಿದರೆ ನಿನ್ನೆ ಬಂದು ಕೆಲಸ ಮಾಡಿದವರೂ ವರ್ಷದಿಂದ ನಾಪತ್ತೆ ಎಂದು ಕಾಣಬಹುದು. ಇನ್ನೊಂದು ಎಲ್ಲ ಸರ್ವರುಗಳಿಗೂ ಹಂಚಿಕೆಯಾಗುತ್ತದೆ, ಆದರೆ ಎರಡು ವಾರದವರೆಗೆ ಹಿಂದೆ ಬಿದ್ದಿರಬಹುದು. ಎರಡೂ ಕಡೆ ದಿನಾಂಕ ನಮ್ಮ ಕ್ಯಾಲೆಂಡರಿನಂತೆ ಇರುವುದಿಲ್ಲ. 1601ರ ಜನವರಿ 1ರಿಂದ ಕಳೆದ ಕಾಲವನ್ನು ಸೆಕೆಂಡಿನ ಕೋಟಿಯ ಒಂದಂಶದ ಲೆಕ್ಕದಲ್ಲಿ ಎಣಿಸಿದ ಹದಿನೆಂಟು ಅಂಕಿಯ ಸಂಖ್ಯೆ ಅದು. ‘90 ದಿನದಿಂದ ಬರದವರು’ ಎಂಬ ಸರಳ ಕೋರಿಕೆಯ ಹಿಂದೆ ಇಷ್ಟೆಲ್ಲ ಇದೆ.

ಆ ಕೋರಿಕೆ ಸಣ್ಣದೇನೂ ಅಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಸೈಬರ್ ಸುಲಿಗೆ ದಾಳಿಯಿಂದ ದಿನಗಟ್ಟಲೆ ನಿಂತುಹೋಯಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಟ್ಟಿ ನಿಂತ ಕಾರುಗಳ ಚಿತ್ರ ಇಲ್ಲಿನ ಪತ್ರಿಕೆಗಳಲ್ಲೂ ಬಂದಿತ್ತು. ಸುಲಿಗೆಕೋರರು ಒಳಗೆ ಬಂದದ್ದು ದೂರದಿಂದ ಕೆಲಸ ಮಾಡಲು ಇಟ್ಟಿದ್ದ ಹಳೆಯ ವಿಪಿಎನ್ ಖಾತೆಯೊಂದರ ಮೂಲಕ. ಅದನ್ನು ಯಾರೂ ಬಳಸುತ್ತಿರಲಿಲ್ಲ, ಯಾರೂ ಮುಚ್ಚಿಯೂ ಇರಲಿಲ್ಲ. ಪಾಸ್‌ವರ್ಡ್ ಬಿಟ್ಟರೆ ಎರಡನೆಯ ತಪಾಸಣೆಯೂ ಇರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ಸುಲಿಗೆ ಹಣ ಕಟ್ಟಿತು. ತಿಂಗಳಿಗೊಮ್ಮೆ ಸರಿಯಾದ ಫಿಲ್ಟರಿನಿಂದ ತೆಗೆದ ಪಟ್ಟಿಯೊಂದು ಯಾರದಾದರೂ ಮೇಜಿನ ಮೇಲೆ ಬರುತ್ತಿದ್ದರೆ ಅಂಥ ಖಾತೆ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಇಲ್ಲಿ ಒಂದು ವ್ಯತ್ಯಾಸವನ್ನು ಹಿಡಿಯಬೇಕು. ಕಡಿಮೆ ಕೇಳಿ ಎಂಬ ಮಾತು ಎಲ್ಲ ಪಟ್ಟಿಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಭದ್ರತಾ ಆಡಿಟ್‌ಗೆ ಸಾಲುಗಳು ಎಲ್ಲವೂ ಬೇಕು: ಮುಚ್ಚಿದವು, ತೆರೆದವು, ಮರೆತವು. ಆದರೆ ಕಾಲಂಗಳು ನಾಲ್ಕೈದು ಸಾಕು; ಯಾರದೂ ಮೊಬೈಲ್ ಸಂಖ್ಯೆ ಬೇಡ. ಶಿವಮೊಗ್ಗ ಶಾಖೆಯವರಿಗೆ ಆರೋಗ್ಯ ವಿಮೆಯ ಪತ್ರ ಕಳಿಸಬೇಕಿದ್ದರೆ ಮೊಬೈಲ್ ಸಂಖ್ಯೆ ಬೇಕಾಗಬಹುದು, ಆದರೆ ಆ ಶಾಖೆಯ ಸಾಲುಗಳು ಮಾತ್ರ ಸಾಕು. ಎಷ್ಟು ಸಾಲು, ಎಷ್ಟು ಕಾಲಂ ಎಂಬುದು ಪಟ್ಟಿಯ ಉದ್ದೇಶದಿಂದ ಹುಟ್ಟಬೇಕು. ಉದ್ದೇಶ ಹೇಳಲಾಗದವರಿಗೆ ಪಟ್ಟಿ ಕೊಡಬಾರದು, ಅವರು ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ.

ಈ ಸಾಧನವನ್ನು ಕಚೇರಿಗಳಿಗಿಂತ ಚೆನ್ನಾಗಿ ಕಲಿತವರು ದಾಳಿಕೋರರು ಎಂಬುದು ಕಹಿ ಸತ್ಯ. ಆ್ಯಕ್ಟಿವ್ ಡೈರೆಕ್ಟರಿಯ ಮೂಲ ಹೊಂದಿಕೆಯಲ್ಲಿ, ಲಾಗಿನ್ ಇರುವ ಯಾವ ನೌಕರನಾದರೂ ಕೋಶದ ಬಹುಪಾಲು ವಿವರಗಳನ್ನು ಓದಬಹುದು, ಅಡ್ಮಿನ್ ಆಗಿರಬೇಕಿಲ್ಲ. ಒಬ್ಬ ಗುಮಾಸ್ತನ ಪಾಸ್‌ವರ್ಡ್ ಕದ್ದವರು ಅವನ ಹೆಸರಿನಲ್ಲೇ ಇಡೀ ಸಂಸ್ಥೆಯ ನಕ್ಷೆ ಬರೆದುಕೊಳ್ಳುತ್ತಾರೆ. ಅಡ್ಮಿನ್‌ಗಳ ಅನುಕೂಲಕ್ಕೆಂದು ಬರೆದ ‘ಆ್ಯಡ್‌ಫೈಂಡ್’ ಎಂಬ ಉಚಿತ ಉಪಕರಣ ಹಲವು ಸುಲಿಗೆ ತಂಡಗಳ ಕೈಚೀಲದಲ್ಲಿ ಸಿಕ್ಕಿದೆ. ಅವರು ನಕ್ಷತ್ರಚಿಹ್ನೆ ಹಾಕಿ ಎಲ್ಲವನ್ನೂ ಬಾಚಿ ಸುಮ್ಮನಾಗುವುದಿಲ್ಲ. ಸರ್ವೀಸ್ ಖಾತೆಗಳು ಯಾವುವು, ಡೊಮೈನ್ ಅಡ್ಮಿನ್ ಗುಂಪಿನಲ್ಲಿ ಯಾರಿದ್ದಾರೆ, ಪಾಸ್‌ವರ್ಡ್ ಅವಧಿ ಇಲ್ಲದವರು ಯಾರು ಎಂದು ಅಚ್ಚುಕಟ್ಟಾದ ಫಿಲ್ಟರ್ ಬರೆದು ಕೇಳುತ್ತಾರೆ. ಆದ್ದರಿಂದ ಯಾರು ಯಾವ ಪ್ರಶ್ನೆ ಕೇಳಿದರು ಎಂಬ ದಾಖಲೆ ಉಳಿಯುವಂತೆ ನೋಡಿಕೊಳ್ಳುವುದೂ ಈ ಶಿಸ್ತಿನದೇ ಭಾಗ. ಕಚೇರಿಯವರು ಹದ್ದುಬಸ್ತಿನಲ್ಲಿ ಕೇಳುವ ಕಡೆ ವಿಚಿತ್ರ ಪ್ರಶ್ನೆಯೊಂದು ಬಂದರೆ ಗುರುತು ಸಿಗುತ್ತದೆ. ಎಲ್ಲರೂ ಎಲ್ಲವನ್ನೂ ಎಳೆಯುವ ಕಡೆ ಕಳ್ಳನ ಹೆಜ್ಜೆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಜಗತ್ತಿನ ಎಷ್ಟೋ ಕಂಪನಿಗಳ ಲಾಗಿನ್ ಖಾತೆಗಳನ್ನು ನೋಡಿಕೊಳ್ಳುವ ತಂಡಗಳು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಕೂತು ಪಾಳಿಯಲ್ಲಿ ದುಡಿಯುತ್ತವೆ. ಪಟ್ಟಿ ಕೇಳಿ ಬರುವ ಟಿಕೆಟ್‌ಗೆ ಉತ್ತರಿಸುವುದು ಬಹಳ ಸಲ ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗನೋ ಹುಡುಗಿಯೋ. ಅವರ ಮುಂದಿರುವುದು ಗಡುವು, ಕೈಯಲ್ಲಿರುವುದು ಹಿಂದಿನವರು ಬಿಟ್ಟುಹೋದ ಸ್ಕ್ರಿಪ್ಟು. ಆ ಸ್ಕ್ರಿಪ್ಟಿನಲ್ಲಿ ನಕ್ಷತ್ರಚಿಹ್ನೆ ಇದ್ದರೆ ಅದು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಹರಿಯುತ್ತದೆ. ತರಬೇತಿಯಲ್ಲಿ ಆದೇಶ ಬರೆಯುವುದನ್ನು ಕಲಿಸುತ್ತಾರೆ. ‘ಇಷ್ಟೆಲ್ಲ ನಿಮಗೆ ಯಾಕೆ ಬೇಕು?’ ಎಂದು ಗಿರಾಕಿಯನ್ನು ವಿನಯದಿಂದ ಕೇಳುವುದನ್ನು ಕಲಿಸುವುದು ಕಡಿಮೆ. ಆ ಪ್ರಶ್ನೆ ಕೇಳಿದ ಕಿರಿಯರಿಗೆ ಮೇಲಿನವರ ಬೆಂಬಲ ಸಿಗಬೇಕು.

ಇಲ್ಲಿನ ಹೆಸರುಗಳಿಗೂ ಡೈರೆಕ್ಟರಿಗೂ ಹಳೆಯ ತಕರಾರಿದೆ. ಎಲ್‌ಡ್ಯಾಪ್ ಮಾನದಂಡದಲ್ಲಿ ‘ವ್ಯಕ್ತಿ’ ಎಂದು ದಾಖಲಾಗಬೇಕಾದರೆ ಕುಲನಾಮ ಇರಲೇಬೇಕು. ಊರಿನ, ತಂದೆಯ ಹೆಸರಿನ ಮೊದಲಕ್ಷರ ಹೊತ್ತು ನಡೆಯುವ ಕನ್ನಡಿಗರಲ್ಲಿ ಬಹಳ ಮಂದಿಗೆ ಕುಲನಾಮವೇ ಇಲ್ಲ. ಹಾಗಾಗಿ ಆ ಜಾಗದಲ್ಲಿ ಒಬ್ಬರಿಗೆ ‘ಕೆ’, ಇನ್ನೊಬ್ಬರಿಗೆ ಬರೀ ಚುಕ್ಕಿ, ಮತ್ತೊಬ್ಬರಿಗೆ ಸ್ವಂತ ಹೆಸರೇ ಎರಡು ಸಲ. ಹೆಸರಿನ ಆಧಾರದ ಮೇಲೆ ಫಿಲ್ಟರ್ ಮಾಡಿದರೆ ಇಂಥವರು ತಪ್ಪಿಹೋಗುತ್ತಾರೆ, ಇಲ್ಲವೇ ಒಬ್ಬರ ಬದಲು ಇನ್ನೊಬ್ಬರು ಬರುತ್ತಾರೆ. ಇಲ್ಲಿನ ಪಟ್ಟಿಗಳನ್ನು ನೌಕರರ ಸಂಖ್ಯೆಯಿಂದಲೇ ಸೋಸಬೇಕು. ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟಿರುವ ಕಡೆ ಮತ್ತೊಂದು ಎಚ್ಚರ: ವಿಂಡೋಸ್ ಜೊತೆಗೇ ಬರುವ ಹಳೆಯ ಪವರ್‌ಶೆಲ್ ಎಂಬ ಆದೇಶ ಸಾಧನ, ಬೇರೆ ಹೇಳದಿದ್ದರೆ, ಸಿಎಸ್‌ವಿ ಎಂಬ ಸರಳ ಪಠ್ಯದ ಕಡತವನ್ನು ಬರೀ ಇಂಗ್ಲಿಷ್ ಅಕ್ಷರಗಳ ನಮೂನೆಯಲ್ಲಿ ಬರೆಯುತ್ತದೆ. ಕನ್ನಡದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಹೊರಬರುತ್ತದೆ. ಯೂನಿಕೋಡ್‌ನ ಯುಟಿಎಫ್-8 ಬಳಸು ಎಂದು ಆದೇಶದಲ್ಲೇ ತಿಳಿಸಿದರೆ ಅಕ್ಷರಗಳು ಉಳಿಯುತ್ತವೆ.

ಕಾನೂನೂ ಈಗ ಇದೇ ದಿಕ್ಕಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆಯ ಮೇಲೆ ಪಡೆಯುವ ವಿವರ ಹೇಳಿದ ಉದ್ದೇಶಕ್ಕೆ ಬೇಕಾದಷ್ಟಕ್ಕೇ ಸೀಮಿತ ಎನ್ನುತ್ತದೆ. ಸೂಕ್ತ ಭದ್ರತೆ ಇಡದೆ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ. ಯಾವ ಪ್ರಶ್ನೆಯಿಂದ ಯಾವ ಪಟ್ಟಿ ಹೊರಟಿತು ಎಂಬ ದಾಖಲೆಯೇ ಇಲ್ಲದ ಕಚೇರಿ, ಏನೇನು ಸೋರಿತು ಎಂದು 6 ಗಂಟೆಯಲ್ಲಿ ಹೇಗೆ ಹೇಳೀತು?

ಇದನ್ನೆಲ್ಲ ಗೋಪ್ಯತೆಯ ನೆಪದಲ್ಲಿ ಮಾಹಿತಿ ಮುಚ್ಚಿಡುವುದಕ್ಕೆ ಯಾರೂ ಬಳಸಬಾರದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿ, ನೌಕರರ ಪಟ್ಟಿಯನ್ನು ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಅವರ ಮಾಸಿಕ ಸಂಭಾವನೆಯನ್ನೂ ತಿಳಿಸಬೇಕು. ಅದೇ ಕಾಯ್ದೆಯ 10ನೇ ಕಲಂ, ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಿ ಎನ್ನುತ್ತದೆ. ಮೂಲದಲ್ಲೇ ಸೋಸಿದ ಪಟ್ಟಿ ಈ ಎರಡನ್ನೂ ಒಟ್ಟಿಗೆ ಸಾಧಿಸುತ್ತದೆ. ತಾಲ್ಲೂಕು ಕಚೇರಿಯಲ್ಲಿ ಯಾವ ಹುದ್ದೆಯಲ್ಲಿ ಯಾರಿದ್ದಾರೆ, ಕಚೇರಿಯ ದೂರವಾಣಿ ಯಾವುದು ಎಂಬುದು ನಾಗರಿಕರಿಗೆ ಸಿಗಬೇಕು. ಆ ನೌಕರರ ಮನೆಯ ವಿಳಾಸ, ಹುಟ್ಟಿದ ದಿನ ಸಿಗಬೇಕಿಲ್ಲ. ಎಲ್ಲವೂ ಇರುವ ದೊಡ್ಡ ಹಾಳೆಯೊಂದೇ ಕೈಯಲ್ಲಿರುವ ಮಾಹಿತಿ ಅಧಿಕಾರಿಗೆ ಎರಡೇ ದಾರಿ: ಪೂರ್ತಿ ಕೊಟ್ಟು ಅಪಾಯ ತರುವುದು, ಇಲ್ಲವೇ ಹೆದರಿ ಪೂರ್ತಿ ನಿರಾಕರಿಸುವುದು. ಉತ್ತರ ಐರ್ಲೆಂಡಿನ ಸೋರಿಕೆಯ ನಂತರ, 2023ರ ಸೆಪ್ಟೆಂಬರ್‌ನಲ್ಲಿ, ಬ್ರಿಟನ್ನಿನ ಮಾಹಿತಿ ಆಯುಕ್ತರು ಮಾಹಿತಿ ಕೊಡುವುದನ್ನು ನಿಲ್ಲಿಸಿ ಎನ್ನಲಿಲ್ಲ. ಸಾರ್ವಜನಿಕ ತಾಣಗಳಿಗೆ ಮೂಲ ಎಕ್ಸೆಲ್ ಕಡತ ಏರಿಸುವುದನ್ನು ತಕ್ಷಣ ನಿಲ್ಲಿಸಿ, ಸಿಎಸ್‌ವಿಯಂಥ ಸರಳ ಪಠ್ಯದ ಕಡತವಾಗಿ ಕೊಡಿ ಎಂದರು. ಸಿಎಸ್‌ವಿಯಲ್ಲಿ ಬಚ್ಚಿಟ್ಟ ಹಾಳೆ ಇರಲು ಸಾಧ್ಯವೇ ಇಲ್ಲ.

ರಾಜ್ಯ ಸರ್ಕಾರದ ಇ-ಆಡಳಿತ ವಿಭಾಗ ಒಂದು ಪುಟದ ಸುತ್ತೋಲೆ ಹೊರಡಿಸಿದರೆ ಈ ಕೆಲಸ ನಾಳೆಯೇ ಶುರುವಾಗಬಹುದು. ನೌಕರರ ಅಥವಾ ಖಾತೆಗಳ ಪಟ್ಟಿ ಯಾವ ಇಲಾಖೆಯಿಂದ ಹೊರಟರೂ ಅದರ ಜೊತೆಗೆ ನಾಲ್ಕು ವಿವರ ಇರಲೇಬೇಕು ಎಂದು ಅದರಲ್ಲಿ ಬರೆಯಬೇಕು: ಪಟ್ಟಿಯ ಉದ್ದೇಶ, ಬಳಸಿದ ಫಿಲ್ಟರಿನ ಪೂರ್ಣ ಪಠ್ಯ, ಬಂದ ಸಾಲುಗಳ ಸಂಖ್ಯೆ, ಕಡತವನ್ನು ಅಳಿಸಬೇಕಾದ ದಿನಾಂಕ. ತೆಗೆದವರೊಬ್ಬರು, ನೋಡಿದವರೊಬ್ಬರು ಸಹಿ ಹಾಕಬೇಕು. ಎರಡನೆಯವರು ಕಳಿಸುವ ಮುನ್ನ ಕಡತದಲ್ಲಿರುವ ಸಾಲುಗಳನ್ನು ಎಣಿಸಿ ಹೇಳಿದ ಸಂಖ್ಯೆಗೆ ಹೋಲಿಸಬೇಕು. 150 ಎಂದುಕೊಂಡ ಕಡತದಲ್ಲಿ 33,000 ಸಾಲುಗಳಿದ್ದರೆ ಆ ಎಣಿಕೆಯಲ್ಲೇ ಅದು ಸಿಕ್ಕಿಬೀಳುತ್ತದೆ.